ಸಾಲು ಬಿಡುವ ಕೂಗು

ಮುತ್ತಮ್ಮ ನಮ್ಮಲ್ಲಿಗೆ ಬಂದಾಗ ಅವಳ ಆಸ್ತಿಯೆಲ್ಲ ಒಂದು ಗೊಬ್ಬರದ ಚೀಲದಲ್ಲಿತ್ತು. ಎರಡು ಸೀರೆ, ಒಂದು ಸ್ಟೀಲ್ ಲೋಟ, ಒಂದು ಕಂಬಳಿ, ಎಲೆಅಡಿಕೆಯ ಖಾಲಿ ಡಬ್ಬಿ. ಕರೆತಂದವಳು ಅವಳ ತಂಗಿಯ ಮೊಮ್ಮಗಳು ಸ್ವಾತಿ. ಹೊರನಾಡಿನ ಒಂದು ವಸತಿಗೃಹದಲ್ಲಿ ಕೋಣೆ ಗುಡಿಸುವ ಕೆಲಸ ಅವಳದು. "ನಾನ್ ಬೆಳಿಗ್ಗೆ ಹೋದ್ರೆ ಬರೋದು ಕತ್ತಲಾದ್ಮೇಲೆ ಸಿಸ್ಟ್ರೇ. ಇವ್ರು ಒಲೆ ಹಚ್ಚಿ ಮರ್ತ್ ಬಿಡ್ತಾರೆ," ಎಂದು ಹೇಳಿ ಅತ್ತಳು. ಅಳಬೇಡ ಎಂದು ನಾನೇನೂ ಹೇಳಲಿಲ್ಲ. ಬಿಟ್ಟುಹೋಗುವವರು ಸ್ವಲ್ಪ ಅತ್ತರೆ ಒಳ್ಳೆಯದೇ. ಅಳದೆ ಹೋದವರು ಮತ್ತೆ ನೋಡಲು ಬಂದದ್ದನ್ನು ನಾನು ಕಂಡಿಲ್ಲ.

ನಾನು ಇಲ್ಲಿಯ ನರ್ಸ್, ಭುವನಾ. ಮೂಡಿಗೆರೆಯಿಂದ ಗೋಣಿಬೀಡಿಗೆ ಹೋಗುವ ದಾರಿಯ ಒಂದು ತಿರುವಿನಲ್ಲಿದೆ ನಮ್ಮ ವೃದ್ಧಾಶ್ರಮ. ಬಸ್ಸಿನ ಕಂಡಕ್ಟರುಗಳು "ಅಜ್ಜಿ ಸ್ಟಾಪ್ ಇಳ್ಯೋರು ಇಳೀರಿ" ಎಂದು ಕೂಗುತ್ತಾರೆ. ಇಪ್ಪತ್ತಾರು ಜನ ಮುದುಕರು, ನೋಡಿಕೊಳ್ಳಲು ನಾವು ಐದು ಜನ. ಹತ್ತೊಂಬತ್ತು ವರ್ಷ ಇವರನ್ನೆಲ್ಲ ಎತ್ತಿ ಕೂರಿಸಿ ಮಲಗಿಸಿ ನನ್ನ ಸೊಂಟ ನನಗಿಂತ ಮೊದಲೇ ಮುದಿಯಾಗಿದೆ. ಕೆಲವು ಸಂಜೆ ಯಾವ ಮಂಚ ಖಾಲಿ ಇದೆ ಎಂದು ಕಣ್ಣು ಹುಡುಕುತ್ತದೆ, ನಾನೇ ಮಲಗಿಬಿಡೋಣ ಎಂದು.

ಮುತ್ತಮ್ಮನ ಬದುಕನ್ನು ಸ್ವಾತಿ ಐದು ನಿಮಿಷದಲ್ಲಿ ಹೇಳಿ ಮುಗಿಸಿದ್ದಳು. ಜಾವಳಿ ಕಡೆಯ ಕಲ್ಲುಬಾವಿ ಎಸ್ಟೇಟಿನ ಆಳುಗಳ ಲೈನ್ ಮನೆಯಲ್ಲೇ ಹುಟ್ಟಿದ್ದು. ಹನ್ನೊಂದನೇ ವಯಸ್ಸಿಗೆ ಕಾಫಿ ಹಣ್ಣು ಕೊಯ್ಯಲು ಇಳಿದಿದ್ದು, ಅರವತ್ತೆಂಟು ತುಂಬುವ ತನಕ ಅದೇ ತೋಟ. ಗಂಡ ನೆರಳಿನ ಮರ ಸವರುವಾಗ ಬಿದ್ದು ಸತ್ತ. ಒಂದು ಹೆಣ್ಣು ಮಗು ಇತ್ತಂತೆ, ಮೂರು ವರ್ಷಕ್ಕೆ ಜ್ವರ ಬಂದು ಹೋಯಿತಂತೆ. ಆಮೇಲೆ ಮಕ್ಕಳಾಗಲಿಲ್ಲ. ಇಷ್ಟೇ. ಎಪ್ಪತ್ತೆಂಟು ವರ್ಷದ ಬದುಕು ಅರ್ಜಿಯ ಮೂರು ಸಾಲು ತುಂಬಲಿಲ್ಲ.

ಬಂದ ದಿನದಿಂದ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ತುತ್ತು ಬಾಯಿಗೆ ಇಟ್ಟರೆ ನುಂಗುತ್ತಿದ್ದಳು, ಇಡದಿದ್ದರೆ ಕೇಳುತ್ತಿರಲಿಲ್ಲ. ಒಂದು ಮಾತಿಲ್ಲ. ಊರಿಗೆ ಬಂದವಳು ನೀರಿಗೆ ಬರದೆ ಇರುತ್ತಾಳೆಯೇ ಎಂದು ನಾನು ಕಾದೆ. ಬರಲಿಲ್ಲ. ಮೂರು ತಿಂಗಳಲ್ಲಿ ಆರು ಕೇಜಿ ಇಳಿದಳು.

ಆಗ ಬಂದವಳು ನಿಖಿತಾ. ಚಿಕ್ಕಮಗಳೂರಿನಿಂದ ಪ್ರತಿ ಮಂಗಳವಾರ ಬರುವ ಆಪ್ತಸಮಾಲೋಚಕಿ. ವಯಸ್ಸಾದವರಿಗೆ ಇವತ್ತಿನದು ಮರೆತರೂ ಹಳೆಯದು ನೆನಪಿರುತ್ತದೆ, ಆ ನೆನಪನ್ನು ಕೆದಕಿ ಮಾತಾಡಿಸಿದರೆ ಮನಸ್ಸು ಚೇತರಿಸಿಕೊಳ್ಳುತ್ತದೆ ಎನ್ನುವುದು ಅವಳು ಕಲಿತ ವಿದ್ಯೆ. ಒಂದು ಟ್ರಂಕಿನ ತುಂಬ ಹಳೇ ಸಾಮಾನು ಹೊತ್ತು ತರುತ್ತಿದ್ದಳು: ಹಿತ್ತಾಳೆ ಫಿಲ್ಟರು, ಟ್ರಾನ್ಸಿಸ್ಟರು, ಸೀಮೆಎಣ್ಣೆ ಲಾಟೀನು, ಬೆತ್ತದ ಬುಟ್ಟಿ. ಎಲ್ಲರನ್ನೂ ಹಾಲಿನಲ್ಲಿ ಸುತ್ತ ಕೂರಿಸಿ ಒಂದೊಂದನ್ನೇ ಕೈಗೆ ಕೊಟ್ಟು ಕೇಳುವಳು. ನನಗೆ ಮೊದಲು ನಗು ಬಂತು. ಡೈಪರ್ ಬದಲಿಸಲು ಜನವಿಲ್ಲ, ಇವಳು ಲಾಟೀನು ಹಿಡಿದುಕೊಂಡು ಬಂದಿದ್ದಾಳೆ ಎಂದುಕೊಂಡೆ. ಆದರೆ ಸುಳ್ಳು ಹೇಳಬಾರದು, ಕೆಲಸ ಆಯಿತು. ತೋಟದ ಮನೆಯ ಯಜಮಾನಿಯಾಗಿದ್ದ ಪಾಪಮ್ಮ ಫಿಲ್ಟರು ಮುಟ್ಟಿದ್ದೇ ತಡ, ತಮ್ಮ ಮದುವೆಗೆ ಬಂದ ನೆಂಟರಿಗೆಲ್ಲ ಮಾತಿನಲ್ಲೇ ಎರಡನೇ ಸಲ ಕಾಫಿ ಕೊಟ್ಟು ಕಳುಹಿಸಿದರು. ಅವರ ಬಾಯಿ ಮುಚ್ಚಿಸಲು ಊಟದ ಗಂಟೆಯೇ ಬೇಕಾಯಿತು.

ಮುತ್ತಮ್ಮನನ್ನು ಬಿಟ್ಟರೆ ಆ ಕೂಟಕ್ಕೆ ಬಾರದೆ ಇದ್ದವರು ಒಬ್ಬರೇ, ಗುರುವಯ್ಯ. ಎಂಬತ್ತನಾಲ್ಕು ವರ್ಷ, ಕಾಲು ಬಿದ್ದುಹೋಗಿತ್ತು, ಗಾಲಿಕುರ್ಚಿ. ತಲೆ ಮಾತ್ರ ಚುರುಕು. ಮೊದಲು ಹಾಲಿಗೆ ಬಂದು ಎಲ್ಲರ ಜೊತೆ ಊಟ ಮಾಡುತ್ತಿದ್ದವರು ಇದ್ದಕ್ಕಿದ್ದಂತೆ ಊಟ ರೂಮಿಗೇ ತನ್ನಿ ಎಂದರು. ಗಂಡಸರ ಕಡೆಯ ಕೊನೇ ಕೋಣೆ ಬಿಟ್ಟು ಅಲ್ಲಾಡುತ್ತಿರಲಿಲ್ಲ. ಮುದುಕನಿಗೆ ಕೊಬ್ಬು ಎಂದು ಬೈದುಕೊಂಡು ದಿನಾ ಮೂರು ಹೊತ್ತು ತಟ್ಟೆ ಹೊತ್ತೆ.

ಮುತ್ತಮ್ಮನಿಗೆ ಬುಟ್ಟಿ ಕೊಟ್ಟರೂ ಗೋಡೆಯೇ, ಲಾಟೀನು ಕೊಟ್ಟರೂ ಗೋಡೆಯೇ. ನಿಖಿತಾ ಬಿಡುವ ಹುಡುಗಿಯಲ್ಲ. ಡಿಸೆಂಬರಿನ ಒಂದು ಮಂಗಳವಾರ ಹಳೇ ಎಸ್ಟೇಟೊಂದರ ಸ್ಟೋರಿನಿಂದ ಒಂದು ಮೊಳದ ರೈಲುಹಳಿ ತುಂಡು ಸಂಪಾದಿಸಿ ತಂದಳು. ಎಸ್ಟೇಟುಗಳಲ್ಲಿ ಬೆಳಿಗ್ಗೆ ಏಳೂವರೆಗೆ ಇಂಥದ್ದನ್ನು ಬಡಿಯುತ್ತಿದ್ದರು. ಆ ಸದ್ದು ಬಿದ್ದರೆ ಲೈನಿನವರೆಲ್ಲ ಓಡಿಬಂದು ಲೆಕ್ಕ ಬರೆಯುವ ರೈಟರ ಮುಂದೆ ಹಾಜರಿ ಕೊಡಬೇಕು. ಹಳಿಯನ್ನು ಹಗ್ಗಕ್ಕೆ ಕಟ್ಟಿ ವರಾಂಡದ ಜಂತೆಗೆ ನೇತುಹಾಕಿದಳು. ನಮ್ಮ ಆಂಬುಲೆನ್ಸಿನ ಜಯಪ್ರಕಾಶನ ಕೈಗೆ ಸುತ್ತಿಗೆ ಕೊಟ್ಟು ಬಡಿಸಿದಳು.

ಮುತ್ತಮ್ಮ ಎದ್ದು ಕೂತಳು.

ಯಾರೂ ಹಿಡಿಯಲಿಲ್ಲ, ಎತ್ತಲಿಲ್ಲ. ತಾನೇ ಕಾಲು ಕೆಳಗಿಟ್ಟಳು, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು, ಗೋಡೆ ಹಿಡಿದು ವರಾಂಡಕ್ಕೆ ಬಂದು "ಮುತ್ತಮ್ಮ, ಬಂದೀನಿ" ಎಂದಳು. ಆ ಧ್ವನಿ ನಾವು ಮೊದಲ ಸಲ ಕೇಳಿದ್ದು. ನಿಖಿತಾ ನನ್ನನ್ನು ತಬ್ಬಿಕೊಂಡಳು. ಆ ದಿನ ಅಜ್ಜಿ ಎರಡು ಅಕ್ಕಿರೊಟ್ಟಿ ತಿಂದಳು. ನನಗೂ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಮುಚ್ಚಿಕೊಳ್ಳಲು ರೊಟ್ಟಿ ದಪ್ಪ ಆಯಿತೆಂದು ಅಡಿಗೆ ರುದ್ರಾಣಿಯನ್ನು ಗದರಿದೆ.

ದಿನಾ ಬೆಳಿಗ್ಗೆ ಏಳೂವರೆಗೆ ಹಳಿ ಬಡಿಯಬೇಕೆಂದು ನಿಖಿತಾ ಚಾರ್ಟಿನಲ್ಲಿ ಬರೆದಿಟ್ಟು ಹೋದಳು. ಬಡಿದೆವು. ಅಜ್ಜಿ ದಿನಾ ಎದ್ದಳು, ಹಾಜರಿ ಕೊಟ್ಟಳು, ಕೆಲಸಕ್ಕೆ ನಿಂತಳು. ಕೆಲಸ ಎಂದರೆ ಕೊಯ್ಲು. ಕಿಟಕಿ ಪರದೆಯ ಕುಚ್ಚು, ಕಂಬಳಿಯ ನೂಲು, ದಾಸವಾಳದ ಮೊಗ್ಗು, ಕೈಗೆ ಸಿಕ್ಕಿದ್ದೆಲ್ಲ ಕಾಫಿ ಹಣ್ಣು. ಎರಡೂ ಕೈಯಲ್ಲಿ ಬಿಡಿಸಿ ಬಿಡಿಸಿ ಮಡಿಲಿಗೆ ಹಾಕುವಳು. ಒಂದು ದಿನ ಪಾಪಮ್ಮನವರು ಕೂತಲ್ಲೇ ತೂಕಡಿಸುತ್ತಿದ್ದಾಗ ಅವರ ಸ್ವೆಟರಿನ ಅಷ್ಟೂ ಗುಂಡಿ ಕಿತ್ತಳು. "ಭುವನಾ, ನನ್ನನ್ನೇ ಕೊಯ್ದು ಹಾಕಿದ್ಲಲ್ಲೇ!" ಎಂದು ಪಾಪಮ್ಮ ಕಿರುಚಿದರು. ನಾವೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕೆವು. ನಾವು ಹಾಗೆ ನಕ್ಕು ಬಹಳ ದಿನವಾಗಿತ್ತು.

ನಗು ಎರಡು ವಾರ ಉಳಿಯಿತು. ಆಮೇಲೆ ಗೊತ್ತಾಯಿತು, ಅಜ್ಜಿ ನಿಲ್ಲಿಸುವುದೇ ಇಲ್ಲ. ಮಧ್ಯಾಹ್ನ ಊಟಕ್ಕೆ ಕೂರಿಸಿದರೆ ನಾಲ್ಕು ತುತ್ತು ನಿಂತೇ ತಿಂದು ಓಡುವಳು. ಕಾಫಿ ಬೇಡ, ಕೂರುವುದು ಬೇಡ. ಕತ್ತಲಾದರೂ ಕೈ ಆಡುತ್ತಲೇ ಇರುತ್ತಿತ್ತು. ಮಲಗಿಸಿದರೆ ಮಲಗಿದಲ್ಲೇ ಕಂಬಳಿ ಬಿಡಿಸುವಳು. ಉಗುರ ಸುತ್ತ ಚರ್ಮ ಕಿತ್ತು ರಕ್ತ ಬಂತು, ನಾನು ಬಟ್ಟೆ ಸುತ್ತಿದೆ, ಅವಳು ಆ ಬಟ್ಟೆಯನ್ನೂ ಕೊಯ್ದಳು. ನಡುನಡುವೆ "ಗಂಟೆ ಎಷ್ಟಾತು? ಮಗಾ ಬಿಟ್ಟು ಬಂದೀನಿ" ಎನ್ನುವಳು. ಮುದುಕರ ಬಡಬಡಿಕೆ ಎಂದು ನಾನು ಅದರ ಕಡೆ ಕಿವಿ ಕೊಡಲಿಲ್ಲ. ದಿನಕ್ಕೆ ಇಪ್ಪತ್ತಾರು ಜನರ ಬಡಬಡಿಕೆ ಕೇಳುವ ಕಿವಿ ಅಷ್ಟು ಸೂಕ್ಷ್ಮ ಉಳಿದಿರುವುದಿಲ್ಲ.

ಡಾಕ್ಟರು ಬಂದು ಎದೆ ನೋಡಿದರು. "ಹಾರ್ಟು ವೀಕ್ ಇದೆ ಭುವನಾ. ಹೀಗೇ ದುಡೀತಿದ್ರೆ ಒಂದ್ ತಿಂಗ್ಳೂ ಕಷ್ಟ. ಹೇಗಾದ್ರೂ ರೆಸ್ಟ್ ಮಾಡ್ಸಿ," ಎಂದರು. ಹೇಗಾದರೂ ಎಂದು ಹೇಳುವುದು ಸುಲಭ. ನಿದ್ದೆ ಮಾತ್ರೆ ಕೊಟ್ಟೆವು. ಅಜ್ಜಿ ಮಾತ್ರೆಯ ಮಂಪರಿನಲ್ಲೇ ಎದ್ದು ಹೋಗಿ ಬಿದ್ದು ಮಂಡಿ ಒಡೆದುಕೊಂಡಳು. ಹಳಿ ಬಡಿಯುವುದನ್ನು ನಿಲ್ಲಿಸಿ ಹಗ್ಗ ಬಿಚ್ಚಿ ಒಳಗಿಟ್ಟೆವು. ಏನೂ ಪ್ರಯೋಜನವಾಗಲಿಲ್ಲ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದಂತಾಯಿತು ನಮ್ಮ ಪಾಡು. ನಿಖಿತಾ ಫೋನಿನಲ್ಲಿ ಅತ್ತಳು. ನೀನು ಅಳುತ್ತಾ ಕೂತರೆ ನಾನೇನು ಮಾಡಲಿ ಎಂದು ರೇಗಿ ಫೋನಿಟ್ಟೆ.

ಮರುದಿನ ಕಿಟಕಿಯ ಬಳಿ ಅಜ್ಜಿಯ ಪಕ್ಕ ನಿಂತು ಅವಳ ಎರಡೂ ಕೈ ಹಿಡಿದೆ. ಬೆರಳು ನನ್ನ ಅಂಗೈಯೊಳಗೂ ಆಡುತ್ತಿದ್ದವು.

"ಸಾಕಜ್ಜಿ. ಬಾ, ಮಲ್ಗು."

"ಸಾಕು ಅನ್ನಕೆ ನೀನ್ಯಾರೇ?" ಎಂದಳು. ಸಿಟ್ಟಿನಿಂದಲ್ಲ, ತಿಳಿಯದವರಿಗೆ ತಿಳಿಸುವ ಹಾಗೆ. "ಸಾಲು ಹಿಡಿದ್ ಮ್ಯಾಲೆ ಮೇಸ್ತ್ರಿ ಕೂಗ್ಬೇಕು. ಕೂಗ್ದೆ ಸಾಲು ಬಿಡಾಕಾಗ್ತದಾ?"

ಅಲ್ಲಿಗೆ ನನ್ನ ಮಂಕು ತಲೆಗೆ ಬೆಳಕು ಬಿತ್ತು. ನನ್ನ ಅಪ್ಪನಿಗೂ ಒಂದೂವರೆ ಎಕರೆ ಕಾಫಿ ಇತ್ತು, ಪಕ್ಕದ ಎಸ್ಟೇಟಿನಿಂದ ಆ ಕೂಗು ದಿನಾ ಕೇಳಿದವಳು ನಾನು. ತೋಟದಲ್ಲಿ ಒಬ್ಬೊಬ್ಬ ಆಳಿಗೂ ಗಿಡದ ಒಂದೊಂದು ಸಾಲು. ಆಳೆತ್ತರದ ಗಿಡಗಳ ನಡುವೆ ಯಾರಿಗೂ ಯಾರೂ ಕಾಣುವುದಿಲ್ಲ, ಕೆಲಸ ಮಾಡಿಸುವ ಮೇಸ್ತ್ರಿಯೂ ಕಾಣುವುದಿಲ್ಲ. ಸಂಜೆ ನಾಲ್ಕೂವರೆಗೆ ಆತ ದಿಣ್ಣೆ ಹತ್ತಿ ಒಂದು ಕೂಗು ಹಾಕುತ್ತಾನೆ. ಅದು ಕಿವಿಗೆ ಬಿದ್ದ ಮೇಲೆಯೇ ಕೈ ನಿಲ್ಲುವುದು. ನಾವು ಬೆಳಗಿನ ಹಳಿ ಬಡಿದು ಅಜ್ಜಿಯನ್ನು ಸಾಲಿಗೆ ಇಳಿಸಿದ್ದೆವು. ಸಂಜೆ ಅವಳನ್ನು ಬಿಡಿಸಿದವರು ಯಾರೂ ಇಲ್ಲ. ತಿಂಗಳಿಂದ ಒಂದೇ ದಿನವನ್ನು ದುಡಿಯುತ್ತಿದ್ದಳು.

ನಾನೇ ವರಾಂಡಕ್ಕೆ ಹೋಗಿ, ನೆನಪಿದ್ದಷ್ಟು ಗಂಟಲು ತೆಗೆದು ಕೂಗಿದೆ. ಅಜ್ಜಿ ನಕ್ಕಳು. "ಅದೆಂತ ಕೂಗೇ, ಕೋಳಿ ಓಡಿಸ್ದಂಗೆ," ಎಂದು ಮತ್ತೆ ಪರದೆ ಹಿಡಿದಳು. ಜಯಪ್ರಕಾಶ ಕೂಗಿದ. ಅವನ ಕಡೆ ತಿರುಗಿಯೂ ನೋಡಲಿಲ್ಲ. ಅವಳ ಕಿವಿಗೆ ಬೇಕಾದ್ದು ಒಂದೇ ಗಂಟಲು.

ಕಲ್ಲುಬಾವಿ ಎಸ್ಟೇಟಿನ ಹಳಬರು ಯಾರಾದರೂ ಬದುಕಿದ್ದಾರೆಯೇ ಎಂದು ಕೇಳಲು ಸ್ವಾತಿಯ ನಂಬರಿಗಾಗಿ ಅರ್ಜಿಗಳ ಫೈಲು ತೆಗೆದೆ. ಮುತ್ತಮ್ಮನ ಹಾಳೆಗಿಂತ ಮೊದಲು ಸಿಕ್ಕಿದ್ದು ಗುರುವಯ್ಯನವರ ಹಾಳೆ. ಹಿಂದಿನ ಉದ್ಯೋಗ: ಮೇಸ್ತ್ರಿ, ಕಲ್ಲುಬಾವಿ ಎಸ್ಟೇಟ್, ಜಾವಳಿ. ಬರೆದುಕೊಂಡವಳು ನಾನೇ, ನನ್ನದೇ ಅಕ್ಷರ. ಅವರು ಊಟ ಕೋಣೆಗೆ ತನ್ನಿ ಎಂದದ್ದು ಯಾವಾಗಿನಿಂದ ಎಂದು ಲೆಕ್ಕ ಹಾಕಿದೆ. ಮುತ್ತಮ್ಮ ಗೊಬ್ಬರದ ಚೀಲ ಹಿಡಿದುಕೊಂಡು ಬಂದ ದಿನದಿಂದ.

ಫೈಲು ಮುಚ್ಚಿ ಅವರ ಕೋಣೆಗೆ ಹೋದೆ. ವಿಷಯ ಹೇಳಿದೆ. "ಒಂದ್ ಸಲ ಕೂಗಿ ಮೇಸ್ತ್ರಿಗಳೇ. ಒಂದೇ ಸಲ. ಇಲ್ದಿದ್ರೆ ಅಜ್ಜಿ ಉಳ್ಯಲ್ಲ."

"ನನ್ ಕೈಲಾಗಲ್ಲ ಸಿಸ್ಟ್ರೇ."

"ಗಂಟಲು ಸರಿ ಇದೆಯಲ್ಲ. ಸಾರಿಗೆ ಉಪ್ಪು ಕಮ್ಮಿ ಆದ್ರೆ ಅಡಿಗೆಮನೆವರ್ಗೂ ಕೇಳ್ಸತ್ತೆ."

ಅವರು ಮುಖ ತಿರುಗಿಸಿದರು. ಎರಡು ದಿನ ಹೋಗಿ ಕೇಳಿದೆ, ಬೇಡಿದೆ, ಬೈದೆ. ಮೂರನೇ ದಿನ ಮಧ್ಯಾಹ್ನ ಮೈ ಒರೆಸುತ್ತಿದ್ದಾಗ, ಬೆನ್ನು ನನ್ನ ಕಡೆ ಇದ್ದಾಗ, ಅವರೇ ಶುರು ಮಾಡಿದರು.

"ಕೊಯ್ಲಿನ್ ಕೊನೇ ಪ್ಲಾಟು ಸಿಸ್ಟ್ರೇ. ಮೋಡ ಹಾಕಿತ್ತು. ಸಾವ್ಕಾರ್ರು ಖುದ್ದು ಬಂದು ನಿಂತಿದ್ರು. ಹನ್ನೊಂದ್ ಗಂಟೆಗೆ ಲೈನಿಂದ ಒಬ್ಳು ಓಡ್ಬಂದ್ಲು. ಮುತ್ತಮ್ಮನ್ ಮಗು ಚೆಲುವಿಗೆ ಜ್ವರ ಏರಿದೆ, ಕಣ್ಣು ಮೇಲಾಗ್ತಾವೆ, ಅವಳವ್ವನ್ನ ಕಳ್ಸಿ ಅಂತ. ಹೇಳ್ತಿನಿ, ನೀ ಹೋಗು ಅಂದೆ."

"ಹೇಳ್ಲಿಲ್ವಾ?"

"ಒಬ್ಳು ಸಾಲು ಬಿಟ್ರೆ ಒಬ್ಬೊಬ್ರಾಗಿ ಎಲ್ರೂ ಬಿಡ್ತಾರೆ ಅಂತ. ಮಕ್ಳಿಗೆ ಜ್ವರ ಬರಲ್ವಾ, ಸಂಜೆ ಹೋದ್ರಾಯ್ತು ಅಂತ."

"ಸಾವ್ಕಾರ್ರು ಬೇಡ ಅಂದ್ರಾ?"

"ಕೇಳ್ಳೇ ಇಲ್ಲ. ಕೇಳಿದ್ರೆ ಕಳ್ಸು ಅಂತಿದ್ರೇನೋ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ನನ್ನ ಕೈಯಲ್ಲಿದ್ದ ಒದ್ದೆ ಬಟ್ಟೆ ಅವರ ಬೆನ್ನ ಮೇಲೆಯೇ ನಿಂತುಬಿಟ್ಟಿತು.

"ನಾಲ್ಕೂವರೆಗೆ ಕೂಗ್ದೆ. ಜೀಪಲ್ಲಿ ಹಾಕ್ಕಂಡು ಹೋದ್ರು. ಮೂಡಿಗೆರೆ ಮುಟ್ಟೋಕ್ ಮುಂಚೆ ಆಗೋಯ್ತು. ಓಡ್ಬಂದ ಹೆಂಗ್ಸು ನನಗೆ ಹೆದ್ರಿ ಬಾಯಿ ಬಿಡ್ಲಿಲ್ಲ. ಮುತ್ತಮ್ಮಂಗೆ ಇವತ್ತಿಗೂ ಗೊತ್ತಿಲ್ಲ. ಮಾರನೇ ವಾರ ಕೆಲ್ಸಕ್ಕೆ ಬಂದು, ಮೇಸ್ತ್ರಿಗಳೇ, ನಂಗೆ ಯಾವ್ ಸಾಲು ಅಂತ ಕೇಳಿದ್ಲು. ಸಾಲು ತೋರ್ಸಿದೆ. ಇನ್ನೆಂತ ಮಾಡ್ಲಿ ಹೇಳಿ. ಅದೇ ಕೂಗನ್ನ ನಾಲ್ಕೂವರೆಗೆ ಅವಳ ಮುಂದೆ ಇನ್ನೊಂದ್ ಸಲ ಕೂಗು ಅಂತೀರಿ ನೀವು."

ಆ ಕ್ಷಣ ನನಗೆ ಅವರ ಕೆನ್ನೆಗೆ ಬಾರಿಸಬೇಕು ಅನಿಸಿತು. ಹೇಳಿಕೊಳ್ಳಲು ನಾಚಿಕೆಯಿಲ್ಲ, ನಿಜವಾಗಿ ಅನಿಸಿತು. ಆದರೆ ಬೆನ್ನು ಅರ್ಧ ಒರೆಸಿದ್ದೆ, ಉಳಿದರ್ಧ ಒರೆಸಬೇಕಿತ್ತು. ಒರೆಸಿದೆ, ಪೌಡರ್ ಹಾಕಿದೆ, ಅಂಗಿ ತೊಡಿಸಿದೆ. ಬಕೆಟ್ಟು ಎತ್ತಿಕೊಂಡು ಹೊರಡುವಾಗ, "ಮೇಸ್ತ್ರಿಗಳೇ, ಅವಳು ಮಧ್ಯೆಮಧ್ಯೆ ಗಂಟೆ ಎಷ್ಟಾತು ಅಂತ ಕೇಳ್ತಾಳೆ. ಮಗಾ ಬಿಟ್ಟು ಬಂದೀನಿ ಅಂತಾಳೆ. ಯಾವ ಸಾಲಲ್ಲಿ ನಿಂತವ್ಳೆ ಅಂತ ನಿಮಗೇ ಗೊತ್ತು," ಎಂದೆ. ಆ ದಿನ ಮತ್ತೆ ಆ ಕೋಣೆಗೆ ಹೋಗಲಿಲ್ಲ, ತಟ್ಟೆಯನ್ನು ರುದ್ರಾಣಿಯ ಕೈಯಲ್ಲಿ ಕಳಿಸಿದೆ.

ಮರುದಿನ ಬೆಳಿಗ್ಗೆ ಅಜ್ಜಿಗೆ ನಿಲ್ಲಲು ಆಗುತ್ತಿರಲಿಲ್ಲ. ಕಿಟಕಿಯ ಸರಳಿಗೆ ಒರಗಿಕೊಂಡು ಒಂದೇ ಕೈಯಲ್ಲಿ ಕೊಯ್ಯುತ್ತಿದ್ದಳು, ಇನ್ನೊಂದು ಕೈ ಮೇಲೆ ಏಳುತ್ತಿರಲಿಲ್ಲ. ತುಟಿ ನೀಲಿಗಟ್ಟಿತ್ತು. ಡಾಕ್ಟರಿಗೆ ಫೋನ್ ಮಾಡಿ ಬರುವಷ್ಟರಲ್ಲಿ ಗುರುವಯ್ಯನವರ ಕೋಣೆಯ ಬೆಲ್ಲು ಹೊಡೆಯಿತು. ಹತ್ತೂಮುಕ್ಕಾಲು. ಹೋಗಿ ನೋಡಿದರೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ತಲೆಗೆ ಮಫ್ಲರ್ ಸುತ್ತಿಕೊಂಡು ಮಂಚದ ತುದಿಯಲ್ಲಿ ಕೂತಿದ್ದರು.

"ಗಾಡಿ ತನ್ನಿ."

"ಈಗ್ಲಾ? ಕೂಗೋದು ನಾಲ್ಕೂವರೆಗೆ ಅಂದ್ರಲ್ಲ."

"ಗಾಡಿ ತನ್ನಿ ಸಿಸ್ಟ್ರೇ."

ಗಾಲಿಕುರ್ಚಿಗೆ ಕೂರಿಸಿ ತಳ್ಳಿಕೊಂಡು ಹೋಗಿ ಹಾಲಿನ ಬಾಗಿಲಲ್ಲಿ ನಿಲ್ಲಿಸಿದೆ. ಅಜ್ಜಿಯ ಬೆನ್ನು ನಮ್ಮ ಕಡೆ ಇತ್ತು. ಗುರುವಯ್ಯ ಗೋಡೆ ಗಡಿಯಾರ ನೋಡುತ್ತಾ ಕೂತರು. ಮುಳ್ಳು ಹನ್ನೊಂದಕ್ಕೆ ಬಂದಿತು. ಎರಡು ಕೈಯನ್ನೂ ಬಾಯಿಯ ಸುತ್ತ ಹಿಡಿದರು.

"ಹೋ… ಸಾಲು ಬಿಡ್ರೋ…!"

ಎಂಬತ್ತನಾಲ್ಕರ ಎದೆಯಲ್ಲಿ ಅಷ್ಟು ದೊಡ್ಡ ಕೂಗು ಎಲ್ಲಿತ್ತೋ. ಪಾಪಮ್ಮ ಬೆಚ್ಚಿ ಲೋಟ ಬೀಳಿಸಿದರು. ಅಡಿಗೆಮನೆಯಿಂದ ರುದ್ರಾಣಿ ಓಡಿಬಂದಳು.

ಮುತ್ತಮ್ಮನ ಕೈ ನಿಂತಿತು.

ಪರದೆಯನ್ನು ಬಿಟ್ಟಳು. ಮಡಿಲಲ್ಲಿದ್ದ ನೂಲು, ಕುಚ್ಚು, ಎಲೆಚೂರುಗಳನ್ನೆಲ್ಲ ಕಿಟಕಿಯ ಕಟ್ಟೆಗೆ ಸುರಿದು ಸೆರಗು ಕೊಡವಿದಳು. ಹೊರಗೆ ಬಿಸಿಲನ್ನೊಮ್ಮೆ ನೋಡಿ ಮೆಲ್ಲಗೆ ತಿರುಗಿದಳು.

"ಹೊತ್ತಿನ್ನೂ ನೆತ್ತಿಗ್ ಬಂದಿಲ್ಲ. ಇವತ್ತೇನು ಮೇಸ್ತ್ರಿಗಳು ಇಷ್ಟ್ ಬೇಗ ಬಿಟ್ರು?"

ಗುರುವಯ್ಯನವರ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಧ್ವನಿ ಮಾತ್ರ ಮೇಸ್ತ್ರಿಯದೇ. "ಲೈನಿಂದ ಹೇಳ್ ಕಳ್ಸಿದ್ರು ಮುತ್ತಮ್ಮ. ಮಗೂಗೆ ಹುಷಾರಿಲ್ವಂತೆ. ನೀ ಹೋಗು. ಉಳಿದ್ ಸಾಲು ನಾ ನೋಡ್ಕತಿನಿ."

"ಅಯ್ಯೋ, ಹೌದಾ," ಎಂದಳು. "ಬರ್ತಿನಿ ಹಂಗಾರೆ."

ನಾನು ತೋಳು ಹಿಡಿದುಕೊಂಡೆ. ಹಾಲಿನಿಂದ ಅವಳ ಮಂಚಕ್ಕೆ ಹದಿನೆಂಟು ಹೆಜ್ಜೆ. ಆ ಹೆಜ್ಜೆಗಳನ್ನು ಅವಳು ಅವಸರದಲ್ಲಿ ಹಾಕಿದಳು. ಮಂಚಕ್ಕೆ ಹತ್ತಿ ತಲೆದಿಂಬನ್ನು ಪಕ್ಕಕ್ಕೆ ಎಳೆದುಕೊಂಡು, ಅದರ ಮೇಲೆ ಕೈ ಇಟ್ಟು ಮುಟ್ಟಿ ನೋಡಿದಳು. ಅಂಗೈ ತಿರುಗಿಸಿ, ಹಿಂಗೈಯಿಂದಲೂ ನೋಡಿದಳು. "ಇಲ್ಲ, ಜ್ವರ ಬಿಟ್ಟದೆ," ಎಂದು ನನಗೆ ಹೇಳಿ, ದಿಂಬನ್ನು ಎದೆಗವುಚಿಕೊಂಡು ಕಣ್ಣು ಮುಚ್ಚಿದಳು. ಅವಳ ಬೆರಳುಗಳು ಸುಮ್ಮನಿದ್ದದ್ದನ್ನು ನಾನು ಆ ತಿಂಗಳಲ್ಲೇ ಮೊದಲ ಸಲ ನೋಡಿದೆ. ಅಲ್ಲೇ ನೆಲದ ಮೇಲೆ ಕೂತು ಚೆನ್ನಾಗಿ ಅತ್ತೆ.

ಈಗ ಅಜ್ಜಿ ಹಳಿ ಬಡಿಯದೆಯೇ ಬೆಳಿಗ್ಗೆ ಎದ್ದು ದಿನಕ್ಕೆ ಎರಡು ಮೂರು ಗಂಟೆ ಮಾತ್ರ ದುಡಿಯುತ್ತಾಳೆ. ಎದೆ ಗಟ್ಟಿಯಾಗಿದೆ ಎಂದು ಡಾಕ್ಟರು ಹೇಳುವುದಿಲ್ಲ, ಆದರೆ ತಿಂಗಳು ಎಂದದ್ದು ಮೂರು ತಿಂಗಳಾಯಿತು. ನಿಖಿತಾ ತನ್ನ ಚಾರ್ಟಿನಲ್ಲಿ ಸಂಜೆ ನಾಲ್ಕೂವರೆಗೆ ಕೂಗು ಎಂದು ಬರೆದಿದ್ದಳು. ನಾನು ಅದನ್ನು ಹೊಡೆದುಹಾಕಿ ಹನ್ನೊಂದು ಎಂದು ತಿದ್ದಿದೆ. ಯಾಕೆ ಎಂದು ಅವಳು ಕೇಳಿದಳು, ನಾನು ಹೇಳಲಿಲ್ಲ.

ದಿನಾ ಹನ್ನೊಂದಕ್ಕೆ ಗುರುವಯ್ಯ ಕೂಗುತ್ತಾರೆ. ಕೂಗಿ ಬಾಗಿಲಲ್ಲೇ ಇರುತ್ತಾರೆ, ಅವಳನ್ನು ಮಲಗಿಸಿ ನಾನು ತಿರುಗಿ ಬರುವ ತನಕ ಗಾಡಿ ತಳ್ಳಲು ಬಿಡುವುದಿಲ್ಲ. ಬಂದ ಮೇಲೆ ದಿನಾ ಒಂದೇ ಮಾತು ಕೇಳುತ್ತಾರೆ.

"ಮನೆ ಮುಟ್ಟಿದ್ಲಾ ಸಿಸ್ಟ್ರೇ?"

"ಮುಟ್ಟಿದ್ಲು," ಎನ್ನುತ್ತೇನೆ.